ಹೊಟ್ಟೆ ಸೀಳಿದ ಅಕ್ಷರ

“ಪುಟ್ಟೀ, ಇದಕ್ಕೆ ಹೊಟ್ಟೆ ಸೀಳಬೇಕಾ, ಬೇಡ್ವಾ?”

ಏಣಿಯ ಮೇಲಿಂದ ಅಪ್ಪ ಕೇಳಿದ. ಒಂದು ಕೈಯಲ್ಲಿ ಬ್ರಶ್, ಇನ್ನೊಂದು ಕೈಯಲ್ಲಿ ನೀಲಿ ಬಣ್ಣದ ಡಬ್ಬ. ಮೂಗಿನ ತುದಿಗೂ ಒಂದು ಚುಕ್ಕೆ ನೀಲಿ ಹತ್ತಿತ್ತು.

ಚೀಟಿ ಹಿಡಿದು ಕೆಳಗೆ ನಿಂತಿದ್ದ ಪುಟ್ಟಿ ತಲೆ ಎತ್ತಿದಳು. ಶಾಲೆಯ ಗೇಟಿನ ಪಕ್ಕದ ಬಿಳಿ ಗೋಡೆಯ ಮೇಲೆ ‘ಈ ಶಾಲೆಯ ಪ್ರತಿ’ ಎಂಬಷ್ಟು ಮುಗಿದಿತ್ತು. ಮುಂದೆ ಬರಬೇಕಾದ ‘ವಿದ್ಯಾರ್ಥಿಯೂ ನಮ್ಮ ಹೆಮ್ಮೆ’ ಇನ್ನೂ ಚಾಕ್‌ಪೀಸಿನ ಗೆರೆಗಳಲ್ಲೇ ಇತ್ತು.

“ಹಿಂದೆ ಇನ್ನೊಂದು ಸ್ಕೂಲಿಗೆ ಇದೇ ಪದ ಬರೆದಿದ್ದೆ. ಅಲ್ಲಿ ಒಂದೇ ಅಕ್ಷರಕ್ಕೆ ಸೀಳಿದ ನೆನಪು. ಈ ಚೀಟೀಲಿ ಎರಡಕ್ಕೂ ಸೀಳಿದೆಯಲ್ಲ?” ಅಪ್ಪ ಮತ್ತೆ ಕೇಳಿದ.

ಅಪ್ಪ ಓದಿದ್ದು ಮೂರನೇ ಕ್ಲಾಸು. ಅವನು ಅಕ್ಷರ ಬರೆಯುವುದಿಲ್ಲ, ಬಿಡಿಸುತ್ತಾನೆ. ಕೊಟ್ಟ ಚೀಟಿಯಲ್ಲಿ ಹೇಗಿದೆಯೋ ಹಾಗೇ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ. ತಪ್ಪೋ ಸರಿಯೋ ನೋಡುವುದು ಪುಟ್ಟಿಯ ಕೆಲಸ. “ಕೈ ಮಾತ್ರ ನಂದು, ಕಣ್ಣು ನನ್ನ ಮಗಳದು” ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ದ ಅಕ್ಷರದ ಕೆಳಗೆ ಒಂದು ಪುಟ್ಟ ಗೆರೆ ಎಳೆದರೆ ಅದು ಧ. ಹೊಟ್ಟೆ ಸೀಳುವುದು ಎಂದರೆ ಅಷ್ಟೇ. ‘ವಿದ್ಯಾರ್ಥಿ’ಯಲ್ಲಿ ಕೊನೆಯ ಥಕ್ಕೆ ಸೀಳಬೇಕು, ನಡುವಿನ ದಕ್ಕೆ ಸೀಳಬಾರದು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಪುಟ್ಟಿ ಇದನ್ನು ಹೇಳುತ್ತಿದ್ದಳು. ಡಿಕ್ಟೇಶನ್ನಿನಲ್ಲಿ ಒಂದು ಸಲವೂ ತಪ್ಪದ ಹುಡುಗಿ ಅವಳು. ಅದಕ್ಕೇ ಕ್ಲಾಸಿನವರು ‘ಒತ್ತಕ್ಷರ’ ಎಂದು ಹೆಸರಿಟ್ಟಿದ್ದರು. ಒತ್ತಕ್ಷರದ ಹಾಗೆ ಯಾವಾಗಲೂ ಇನ್ನೊಬ್ಬರಿಗೆ ಅಂಟಿಕೊಂಡು ಸಣ್ಣಗೆ ನಿಲ್ಲುತ್ತಾಳೆ ಎಂಬ ಕುಚೋದ್ಯವೂ ಅದರಲ್ಲಿ ಸೇರಿತ್ತು.

ಚೀಟಿ ಬರೆದುಕೊಟ್ಟವರು ಕನ್ನಡ ಮೇಷ್ಟ್ರು. ಆತುರದಲ್ಲಿ ಗೀಚಿರಬೇಕು. ಪುಟ್ಟಿಯ ಪುಸ್ತಕದಲ್ಲಿ ಪ್ರತಿ ಸಲ ಹತ್ತಕ್ಕೆ ಹತ್ತು ಹಾಕಿ “ಶಭಾಷ್” ಅನ್ನುವವರು ಅವರೇ. ಈಗ ಏಣಿಯ ಪಕ್ಕದಲ್ಲೇ ನಿಂತಿದ್ದರು.

“ಏನ್ ಪೇಂಟರ್ರೇ, ಅನುಮಾನಾನಾ? ನಾನು ಕೊಟ್ಟಿದ್ದನ್ನ ಇದ್ದ ಹಾಗೇ ಬರೀರಿ. ನನಗೇ ಪಾಠ ಹೇಳ್ತೀರಾ?” ಎಂದು ಮೇಷ್ಟ್ರು ನಕ್ಕರು. ಆ ನಗು ತುಟಿಯಿಂದ ಮೇಲೆ ಹೋಗಲಿಲ್ಲ.

ಅಪ್ಪ ಮೇಷ್ಟ್ರ ಕಡೆ ನೋಡಲಿಲ್ಲ. “ನೀನು ಹೇಳು ಪುಟ್ಟಿ” ಎಂದ.

‘ಬೇಡಪ್ಪಾ’ ಎಂಬ ಮಾತು ಪುಟ್ಟಿಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೇಷ್ಟ್ರು ಅವಳತ್ತ ತಿರುಗಿ ಹುಬ್ಬು ಏರಿಸಿದರು. ಮಾತು ಬಂದ ದಾರಿಯಲ್ಲೇ ವಾಪಸು ಹೋಯಿತು.

“ಸೀಳಪ್ಪಾ. ಚೀಟೀಲಿ ಇದ್ದ ಹಾಗೇ” ಎಂದಳು.

“ಸರಿ ಬಿಡು. ನಿಂಗೆ ಗೊತ್ತಿರುತ್ತೆ.” ಅಪ್ಪ ಅಕ್ಷರ ಬಿಡಿಸಿ, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ ಅದರ ಹೊಟ್ಟೆಗೆ ಗೆರೆ ಎಳೆದ. ಎಂಥ ಚೆಂದದ ಗೆರೆ! ಪುಟ್ಟಿಗೆ ಅದನ್ನು ನೋಡಲಾಗಲಿಲ್ಲ. ಚೀಟಿಯನ್ನು ಮಡಿಸಿ ಕಂಪಾಸ್ ಬಾಕ್ಸಿಗೆ ಹಾಕಿಕೊಂಡಳು.

ಇದನ್ನೆಲ್ಲ ಇನ್ನೊಬ್ಬಳು ನೋಡುತ್ತಿದ್ದಳು. ಅವಳು ಪುಟ್ಟಿಯ ಬೆಂಚಿನವಳೇ. ಡಿಕ್ಟೇಶನ್ನಿನಲ್ಲಿ ಸದಾ ಸೊನ್ನೆ ಬರುವುದರಿಂದ ಅವಳ ಹೆಸರೂ ‘ಸೊನ್ನೆ’ ಎಂದೇ ಆಗಿಹೋಗಿತ್ತು. ಅಂದು ಶನಿವಾರ; ಎಲ್ಲರೂ ಮನೆಗೆ ಹೋದ ಮೇಲೂ ಗೇಟಿನ ಹತ್ತಿರದ ಮೆಟ್ಟಿಲ ಮೇಲೆ ಕೂತು, ತಪ್ಪಿದ ಪದಗಳನ್ನು ಐವತ್ತೈವತ್ತು ಸಲ ಬರೆಯುತ್ತಿದ್ದಳು. ಐವತ್ತು ಸಲವೂ ತಪ್ಪಾಗಿಯೇ ಬರೆಯುತ್ತಿದ್ದಳು ಅನ್ನುವುದು ಬೇರೆ ಮಾತು.

ಸೋಮವಾರ ಬೆಳಿಗ್ಗೆ ಶಾಲೆ ನೋಡಲು ದೊಡ್ಡ ಸಾಹೇಬರು ಬಂದರು. ಮಕ್ಕಳೆಲ್ಲ ಗೇಟಿನಿಂದ ಎರಡು ಲೈನು ಮಾಡಿ ನಿಂತಿದ್ದರು. ಅಪ್ಪನೂ ಬಂದಿದ್ದ. ಕ್ಲಾಸಿನ ಬಾಗಿಲುಗಳ ಮೇಲೆಲ್ಲ ಹೆಸರು ಬರೆಯುವ ಕೆಲಸ ಅಂದೇ ಶುರುವಾಗುವುದಿತ್ತು. ಒಗೆದ ಶರ್ಟು ಹಾಕಿಕೊಂಡು, ತಾನು ಬರೆದ ಗೋಡೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

ಸಾಹೇಬರು ಕಾರಿನಿಂದ ಇಳಿದು ಗೋಡೆ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು.

“ಏನ್ರೀ ಮೇಡಂ! ಮಕ್ಕಳು ನಿಮ್ಮ ಹೆಮ್ಮೆ ಅಂತೀರಿ, ವಿದ್ಯಾರ್ಥಿಯ ಹೊಟ್ಟೇನೇ ಸೀಳಿಬಿಟ್ಟಿದ್ದೀರಲ್ರೀ!”

ಜೊತೆಗೆ ಬಂದವರೂ ನಕ್ಕರು. ಹೆಡ್ ಮೇಡಂ ಮುಖ ಕೆಂಪಾಯಿತು. “ಯಾರು ಇದನ್ನ ನೋಡಿದ್ದು?” ಎಂದು ಕನ್ನಡ ಮೇಷ್ಟ್ರ ಕಡೆ ತಿರುಗಿದರು.

“ನಾನು ಸರಿಯಾಗೇ ಬರೆದುಕೊಟ್ಟಿದ್ದೆ ಮೇಡಂ. ಪೇಂಟರ್ ಕೆಡಿಸಿದ್ದಾರೆ. ಓದು ಬರದವರ ಕೈಗೆ ಅಕ್ಷರ ಕೊಟ್ಟರೆ ಇಷ್ಟೇ” ಎಂದರು ಮೇಷ್ಟ್ರು.

ಪುಟ್ಟಿ ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಇಲ್ಲ ಮೇಡಂ, ನಾನು ಚೀಟಿ ನೋಡೇ ಬರೆದಿದ್ದು” ಎಂದ ಅಪ್ಪ.

“ಎಲ್ಲಿ ಚೀಟಿ? ತೋರಿಸಿ.”

ಅಪ್ಪ ಶರ್ಟಿನ ಜೇಬು ತಡಕಿದ. ಪ್ಯಾಂಟಿನ ಜೇಬು ತಡಕಿದ. ಆಮೇಲೆ ಅವನಿಗೆ ನೆನಪಾಯಿತು. ಲೈನಿನಲ್ಲಿ ನಿಂತಿದ್ದ ಮಗಳ ಕಡೆ ನೋಡಿದ.

ಕಂಪಾಸ್ ಬಾಕ್ಸು ಬ್ಯಾಗಿನಲ್ಲಿತ್ತು. ಬ್ಯಾಗು ಬೆನ್ನ ಮೇಲಿತ್ತು. ನಾಲ್ಕು ಹೆಜ್ಜೆ ಮುಂದೆ ಹೋಗಿ ಜಿಪ್ ತೆಗೆದರೆ ಸಾಕಿತ್ತು. ಪುಟ್ಟಿ ತನ್ನ ಶೂಗಳನ್ನು ನೋಡಿದಳು. ಎಡಗಾಲಿನ ಲೇಸು ಸಡಿಲವಾಗಿತ್ತು. ಅದನ್ನೇ ನೋಡುತ್ತ ನಿಂತಳು. ಅಪ್ಪ ಇನ್ನೂ ನೋಡುತ್ತಿದ್ದಾನೆ ಎಂಬುದು ತಲೆ ಎತ್ತದೆಯೇ ಗೊತ್ತಾಗುತ್ತಿತ್ತು.

“ಕಳೆದುಹೋಯ್ತು ಮೇಡಂ” ಎಂದ ಅಪ್ಪ ಮೆಲ್ಲಗೆ.

“ಇಲ್ಲ ಮೇಡಂ!”

ಪಕ್ಕದಿಂದ ಸೊನ್ನೆ ಲೈನು ಬಿಟ್ಟು ಮುಂದೆ ಬಂದಿದ್ದಳು. “ಅಂಕಲ್ ಚೀಟಿ ನೋಡೇ ಬರೆದ್ರು. ಶನಿವಾರ ನಾನು ಅಲ್ಲೇ ಮೆಟ್ಟಿಲ ಮೇಲೆ ಇದ್ದೆ. ಸೀಳಬೇಕಾ ಅಂತ ಅಂಕಲ್ ಕೇಳಿದ್ರು. ಕೊಟ್ಟ ಹಾಗೇ ಬರೀರಿ ಅಂತ ಸರ್ರೇ ಅಂದ್ರು.”

ಮೇಷ್ಟ್ರ ಕಿವಿ ಕೆಂಪಾಯಿತು. “ಮೊದಲು ದಕ್ಕೂ ಧಕ್ಕೂ ವ್ಯತ್ಯಾಸ ಹೇಳು ನೋಡೋಣ?”

“ಅದು ಗೊತ್ತಿಲ್ಲ ಸರ್” ಎಂದಳು ಸೊನ್ನೆ. “ಆದ್ರೆ ನೀವು ಅಂದಿದ್ದು ಕೇಳಿಸ್ತು.”

ಲೈನಿನಲ್ಲಿ ಮಕ್ಕಳು ಗೊಳ್ಳೆಂದರು. ಸಾಹೇಬರ ಮುಂದೆ ಹೀಗಾಯಿತಲ್ಲ ಎಂದು ಹೆಡ್ ಮೇಡಂಗೆ ಸಿಟ್ಟು ನೆತ್ತಿಗೇರಿತು. ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕಿದ್ದಕ್ಕೆ ಸೊನ್ನೆಯನ್ನು ಆಫೀಸಿನ ಹೊರಗೆ ಮಧ್ಯಾಹ್ನದವರೆಗೆ ನಿಲ್ಲಿಸಿದರು. ಅಪ್ಪನಿಗೆ, “ಇದನ್ನ ಸರಿಮಾಡಿ ಹೊರಡಿ. ಬಾಗಿಲುಗಳನ್ನ ಬೇರೆಯವರ ಹತ್ತಿರ ಬರೆಸ್ಕೋತೀವಿ” ಎಂದರು.

ಕ್ಲಾಸಿನ ಕಿಟಕಿಯಿಂದ ಪುಟ್ಟಿಗೆ ಗೋಡೆ ಕಾಣುತ್ತಿತ್ತು. ಅಪ್ಪ ಏಣಿ ಹತ್ತಿ ಆ ಪುಟ್ಟ ಗೆರೆಯ ಮೇಲೆ ಬಿಳಿ ಬಣ್ಣ ಬಳಿದ. ನೀಲಿ ಒಳಗಿನಿಂದ ಇಣುಕಿತು. ಮತ್ತೆ ಬಳಿದ. ಮೂರು ಸಲ ಬಳಿದ ಮೇಲೆ ಗೆರೆ ಹೋಯಿತು, ಆದರೆ ಆ ಜಾಗ ಮಾತ್ರ ಉಳಿದ ಗೋಡೆಗಿಂತ ಹೆಚ್ಚು ಬೆಳ್ಳಗೆ ಕಂಡಿತು.

ಸಂಜೆ ಅಪ್ಪ ಹಿತ್ತಲಲ್ಲಿ ಕೂತು ಸೀಮೆಎಣ್ಣೆಯಲ್ಲಿ ಬ್ರಶ್ ತೊಳೆಯುತ್ತಿದ್ದ. ಪುಟ್ಟಿ ಚೀಟಿ ಹಿಡಿದು ಬಂದು ನಿಂತಳು.

“ಅಪ್ಪಾ, ಇದು ನನ್ನ ಹತ್ರಾನೇ ಇತ್ತು.”

“ಗೊತ್ತು. ಅಷ್ಟು ಜನರ ಮುಂದೆ ಹೆದರ್ಕೊಂಡೆ. ಚಿಕ್ಕವಳು, ಹೋಗ್ಲಿ ಬಿಡು.” ಅಪ್ಪ ನಗಲು ನೋಡಿದ.

ಅಲ್ಲಿಗೆ ಸುಮ್ಮನಾಗಬಹುದಿತ್ತು. ಪುಟ್ಟಿಗೆ ಆಗಲಿಲ್ಲ.

“ಅದು ತಪ್ಪು ಅಂತಾನೂ ಗೊತ್ತಿತ್ತಪ್ಪಾ.”

ಅಪ್ಪನ ಕೈ ನಿಂತಿತು. “ಯಾವಾಗ?”

“ನೀನು ಏಣಿ ಮೇಲಿಂದ ಕೇಳಿದಾಗಲೇ.”

ಬ್ರಶ್ಶಿನಿಂದ ಬಿಳಿ ಬಣ್ಣ ಬೆರೆತ ಎಣ್ಣೆ ತೊಟತೊಟ ಇಳಿಯಿತು.

“ನಾನು ನಿನ್ನನ್ನೇ ಕೇಳಿದ್ನಲ್ಲ ಪುಟ್ಟಿ” ಎಂದ ಕೊನೆಗೆ.

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಮರುದಿನ ಬೆಳಿಗ್ಗೆ ಪುಟ್ಟಿ ಒಬ್ಬಳೇ ಹೆಡ್ ಮೇಡಂ ಆಫೀಸಿಗೆ ಹೋಗಿ ಚೀಟಿಯನ್ನು ಮೇಜಿನ ಮೇಲಿಟ್ಟಳು. ಮೇಡಂ ಓದಿದರು. ಮೇಷ್ಟ್ರ ಅಕ್ಷರ ಅವರಿಗೆ ಗೊತ್ತಾಗದೆ ಇರಲಿಲ್ಲ.

“ನಿನ್ನೆ ಎಲ್ಲಿತ್ತು ಇದು?”

“ನನ್ನ ಕಂಪಾಸ್ ಬಾಕ್ಸಲ್ಲಿ, ಮೇಡಂ.”

“ನೀನೆಲ್ಲಿದ್ದೆ?”

“ಲೈನಲ್ಲಿ.”

ಮೇಡಂ ಚೀಟಿಯನ್ನು ಡ್ರಾಯರಿಗೆ ಹಾಕಿ ಮುಚ್ಚಿದರು. “ಸಾಹೇಬರು ಬಂದೂ ಆಯ್ತು, ಹೋದದ್ದೂ ಆಯ್ತು. ಬೇರೆ ಪೇಂಟರಿಗೆ ಹೇಳಿಯೂ ಆಯ್ತು. ಈಗ ಇದನ್ನಿಟ್ಕೊಂಡು ನಾನೇನು ಮಾಡ್ಲಿ? ಕ್ಲಾಸಿಗೆ ಹೋಗು.”

ಆ ವಾರ ಅಪ್ಪನಿಗೆ ಅಂಗಡಿಯೊಂದರ ಬೋರ್ಡು ಬರೆಯುವ ಕೆಲಸ ಸಿಕ್ಕಿತು. ಅಂಗಡಿಯವರನ್ನು ಹೊರಗೆ ಕರೆದು ಒಂದೊಂದೇ ಅಕ್ಷರ ಓದಿಸಿಕೊಂಡ. ಎರಡೆರಡು ಸಲ ಓದಿಸಿಕೊಂಡ. ಡಬ್ಬ ಹಿಡಿದು ಕೆಳಗೇ ನಿಂತಿದ್ದ ಪುಟ್ಟಿಯನ್ನು ಏನೂ ಕೇಳಲಿಲ್ಲ.

ಶುಕ್ರವಾರ ಡಿಕ್ಟೇಶನ್ ಇತ್ತು. ಅದಕ್ಕೆ ಮುಂಚೆ ಪುಟ್ಟಿ ಬೆಂಚಿನಲ್ಲಿ ಸೊನ್ನೆಯ ಹತ್ತಿರ ಸರಿದು ಕೇಳಿದಳು. “ಅವತ್ತು ನಿಂಗೆ ಹೆದರಿಕೆ ಆಗ್ಲಿಲ್ವಾ?”

“ಆಯ್ತಪ್ಪ! ಕಾಲು ಗಡಗಡ ಅಂತಿತ್ತು” ಎಂದಳು ಸೊನ್ನೆ, ಪೆನ್ಸಿಲ್ ಚೂಪು ಮಾಡುತ್ತ. “ನೀನು ಹೇಳ್ತೀಯ ಅಂತ ಕಾದೆ. ನೀನು ಹೇಳ್ಲೇ ಇಲ್ಲ.”

ಅದರಲ್ಲಿ ಚುಚ್ಚುವ ಧಾಟಿ ಏನೂ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು, ಅಷ್ಟೇ.

ಮೇಷ್ಟ್ರು ಹತ್ತು ಪದ ಹೇಳಿದರು. ಆರನೆಯದು ‘ವಿದ್ಯಾರ್ಥಿ’. ಹೇಳುವಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಸೊನ್ನೆ ಶನಿವಾರ ಗೋಡೆಯ ಮೇಲೆ ನೋಡಿದ್ದನ್ನು ನೆನೆಸಿಕೊಂಡು, ಬಲು ಜತನದಿಂದ ಹೊಟ್ಟೆ ಸೀಳಿ ಬರೆದಳು.

ಪುಸ್ತಕಗಳು ತಿರುಗಿ ಬಂದವು. ಸೊನ್ನೆಯ ಆರನೆಯ ಪದದ ಮೇಲೆ ಮೇಷ್ಟ್ರ ಕೆಂಪು ಗೀಟು ಕಾಗದ ಹರಿಯುವಷ್ಟು ಬಲವಾಗಿತ್ತು. ಮಾರ್ಕ್ಸು, ಎಂದಿನಂತೆ, ಸೊನ್ನೆ. ಪುಟ್ಟಿಯದು ಹತ್ತಕ್ಕೆ ಹತ್ತು. ಈ ಸಲ ಮೇಷ್ಟ್ರು ಶಭಾಷ್ ಅನ್ನಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ.

ಸೊನ್ನೆ ಪುಸ್ತಕ ಮುಚ್ಚಿ, “ನಿಂದೆಷ್ಟು? ಹತ್ತೇ ಇರುತ್ತೆ ಬಿಡು” ಎಂದು ನಗುತ್ತ ನೀರು ಕುಡಿಯಲು ಎದ್ದು ಹೋದಳು.

ಪುಟ್ಟಿ ಕೆಂಪು ಶಾಯಿಯ ಆ 10ನ್ನು ನೋಡುತ್ತ ಕೂತಳು. ಅದರಲ್ಲಿದ್ದ ಸೊನ್ನೆಯ ಮೇಲೆ ಬೆರಳಿಟ್ಟು ಮುಚ್ಚಿದಳು.

ಉಳಿದದ್ದು ಬರೀ ಒಂದು.