ಲಿಫ್ಟಪ್ಪ ಹೇಳಿದ ಸೀರಿಯಲ್ಲು

“ಏನಾದ್ರೂ ಒಳ್ಳೇದು ಹೇಳೋ. ನೀನು ಹೇಳಿದ ಸಿನಿಮಾ ನೋಡ್ತಾ ಅಮ್ಮ ನಿದ್ದೆ ಹೋದ್ರು. ನಾನು ತಲೆ ಚಚ್ಕೊಂಡೆ,” ಎಂದಳು ಹಲ್ಲಮ್ಮ.

ಹಲ್ಲಮ್ಮ ಎಂದರೆ ಮೂರನೇ ಮಹಡಿಯ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವಳು. ಹಾಗೆ ಕರೆಯುವ ಹಕ್ಕಿದ್ದದ್ದು ಒಬ್ಬನಿಗೇ, ಆ ಕಟ್ಟಡದ ಲಿಫ್ಟ್ ಮೆಕ್ಯಾನಿಕ್‌ಗೆ. ಅದರ ಸೇಡಿಗೆ ಅವಳು ಅವನನ್ನು ಲಿಫ್ಟಪ್ಪ ಮಾಡಿದ್ದಳು. ಮಧ್ಯಾಹ್ನ ತಾರಸಿಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಊಟದ ಡಬ್ಬಿ ಬಿಚ್ಚುತ್ತಿದ್ದರು. ಮೊದಲು ಮನೆಯ ಸಮಾಚಾರ, ಆಮೇಲೆ ಸಿನಿಮಾ, ಸೀರಿಯಲ್ಲು. ಇದ್ದ ನಿಯಮ ಒಂದೇ: ತಾನು ನೋಡದ್ದನ್ನು ಇನ್ನೊಬ್ಬರಿಗೆ ನೋಡು ಎನ್ನಬಾರದು.

ಆ ನಿಯಮವನ್ನು ಲಿಫ್ಟಪ್ಪ ಮುರಿದದ್ದು ಆ ಸೋಮವಾರ. ಅವನ ಟಿವಿ ಕೆಟ್ಟು ವಾರವಾಗಿತ್ತು. ಕೆಟ್ಟಿದೆ ಎಂದರೆ ಮಾತಿಗೆ ನೆಪವಿಲ್ಲ, ನೆಪವಿಲ್ಲದಿದ್ದರೆ ಅವಳು ನಾಳೆಯಿಂದ ಲ್ಯಾಬಿನವರ ಜೊತೆಯೇ ಊಟಕ್ಕೆ ಕೂತಾಳು. ಹತ್ತು ಮಹಡಿ ಎತ್ತರದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಕೂತು ಕೆಲಸ ಮಾಡುವ ಗಂಡಸು ಇಷ್ಟಕ್ಕೆಲ್ಲ ಹೆದರುತ್ತಿದ್ದ.

“ಮೊದಲು ನಿನ್ನ ಸಮಾಚಾರ ಹೇಳು,” ಎಂದ, ಹೊತ್ತು ತಳ್ಳಲು.

“ಅಮ್ಮನ ಮಂಡಿ ನೋವು ಹಾಗೇ ಇದೆ. ಮೊನ್ನೆ ಒಂದು ಮುಂದಿನ ಹಲ್ಲು ಎಷ್ಟು ಚೆನ್ನಾಗಿ ಬಂತು ಅಂದ್ರೆ, ಕೊಡೋಕೇ ಮನಸ್ಸಾಗ್ಲಿಲ್ಲ. ಮತ್ತೆ... ಚಿಕ್ಕಮ್ಮ ಒಂದು ಸಂಬಂಧ ತಂದಿದಾರೆ. ದೂರದ ಊರು. ಡೆಂಟಿಸ್ಟಂತೆ. ಭಾನುವಾರ ಸಂಜೆಯೊಳಗೆ ಉತ್ತರ ಹೇಳ್ಬೇಕು.”

ಹೇಳಿ, ಡಬ್ಬಿಯ ಮುಚ್ಚಳ ತಿರುಗಿಸುತ್ತ, ಕಣ್ಣಂಚಿನಲ್ಲಿ ಅವನನ್ನೇ ನೋಡಿದಳು. ಅವಳ ಕೆನ್ನೆಗೆ ಹಲ್ಲಿನ ಅಚ್ಚಿನ ಬಿಳಿ ಪ್ಲಾಸ್ಟರ್ ಮೆತ್ತಿತ್ತು. ಅದನ್ನು ಒರೆಸುವ ಆಸೆಯನ್ನು ಅವನು ತುತ್ತಿನ ಜೊತೆ ನುಂಗಿದ.

“ಒಳ್ಳೇದೇ ಆಯ್ತು. ಮನೆ ತುಂಬಾ ಹಲ್ಲು,” ಎಂದ. ಅವಳು ನಗಲಿಲ್ಲ.

ಅದಕ್ಕೆ ಹೆದರಿ ಬಾಯಿಗೆ ಬಂದದ್ದನ್ನು ಶುರುಮಾಡಿದ. “ಒಂದು ಸೀರಿಯಲ್ ಇದೆ ನೋಡು. ಒಬ್ಬಳು ಹೆಂಗಸು. ದಿನಾ ಸಂಜೆ ಅವಳ ಮಹಡಿಗೆ ಲಿಫ್ಟ್ ಬಂದು ನಿಲ್ಲುತ್ತೆ. ಒಳಗೆ ಯಾರೋ ಇದಾನೆ. ಬಾಗಿಲು ಮಾತ್ರ ತೆಗೆಯಲ್ಲ. ಸ್ವಲ್ಪ ಹೊತ್ತು ನಿಂತು ಹಾಗೇ ಕೆಳಗೆ ಹೋಗುತ್ತೆ.”

“ಅಯ್ಯಪ್ಪಾ! ಯಾರವನು?”

“ಅದನ್ನ ನಾನೇ ಹೇಳಿಬಿಟ್ರೆ ಮಜಾ ಏನು? ಹುಡುಕು, ಸಿಗುತ್ತೆ.” ಯಾರೆಂದು ಅವನಿಗಾದರೂ ಎಲ್ಲಿ ಗೊತ್ತಿತ್ತು?

ಮರುದಿನ ಅವಳು ಮೆಟ್ಟಿಲು ಹತ್ತುತ್ತಲೇ ಕೂಗಿದಳು. “ಸಿಕ್ತು ಕಣೋ! ಎರಡು ಎಪಿಸೋಡ್ ನೋಡ್ದೆ.”

ಲಿಫ್ಟಪ್ಪನಿಗೆ ಒಳಗೊಳಗೇ ನಗು. ತನ್ನ ಮನಸ್ಸು ನೋಯಬಾರದೆಂದು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡು, ಅದಕ್ಕೂ ಸೇರಿಸಿ ಅವಳನ್ನು ಇನ್ನಷ್ಟು ಇಷ್ಟಪಟ್ಟ.

“ಅವನು ಒಳಗೆ ನಿಂತು ಗೊಣಗ್ತಾನಲ್ಲ,” ಎಂದಳು, “‘ಹೇಳಿದ್ರೆ ನಗ್ತಾಳೆ, ಹೇಳದಿದ್ರೆ ಹೋಗ್ತಾಳೆ’ ಅಂತ. ಪಾಪ ಅನ್ನಿಸ್ತು.”

ಅವನು ಎತ್ತಿದ ತುತ್ತನ್ನು ಡಬ್ಬಿಗೇ ಇಳಿಸಿದ. ಆ ಮಾತು ಅವನದೇ. ಹಿಂದಿನ ದಿನ ಊಟವಾದ ಮೇಲೆ ಲಿಫ್ಟಿನ ನೆತ್ತಿಯ ಮೇಲೆ ಒಬ್ಬನೇ ಕೂತು ಹಗ್ಗಕ್ಕೆ ಗ್ರೀಸ್ ಹಚ್ಚುವಾಗ ಗೊಣಗಿದ್ದು, ಅಕ್ಷರಕ್ಕೆ ಅಕ್ಷರ.

“ಯಾಕೋ ಬೆವರ್ತಿದೀಯ?”

“ಸೆಕೆ,” ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವನ ಮುಖ.

ಲಿಫ್ಟು ಏರಿಳಿಯುವ ಬಾವಿಯಲ್ಲಿ ಆಡಿದ ಮಾತು ಮಹಡಿ ಮಹಡಿಗೂ ಕೇಳುತ್ತದೆ. ಮೂರನೆಯದಕ್ಕೆ ಕೇಳಿರಬೇಕು, ಕಾಲೆಳೆಯುತ್ತಿದ್ದಾಳೆ. ಹೀಗೆ ಸಮಾಧಾನ ಮಾಡಿಕೊಂಡರೂ ಮನಸ್ಸಿಗೆ ಇರುವೆ ಬಿಟ್ಟಂತಾಗಿತ್ತು. ಪರೀಕ್ಷಿಸಿಯೇ ಬಿಡೋಣವೆಂದು ಆ ಸಂಜೆ ತನ್ನ ಮನೆಯ ಬಚ್ಚಲಿನ ಬಾಗಿಲು ಹಾಕಿ, ನಲ್ಲಿ ಜೋರಾಗಿ ಬಿಟ್ಟು, ಅದರ ಸದ್ದಿನೊಳಗೆ ಪಿಸುಗುಟ್ಟಿದ: “ಆ ಕೆನ್ನೆ ಒರೆಸೋ ಭಾಗ್ಯ ನನಗಿಲ್ವಲ್ಲ.”

ಬುಧವಾರ ಅವಳು ಡಬ್ಬಿ ಬಿಚ್ಚುವ ಮೊದಲೇ ಕೇಳಿದಳು. “ಲೋ, ನೀನೇ ಮೆಕ್ಯಾನಿಕ್, ಹೇಳು. ಲಿಫ್ಟ್ ಒಳಗೆ ನಲ್ಲಿ ನೀರಿನ ಸದ್ದು ಯಾಕೆ ಬರುತ್ತೆ? ನಿನ್ನೆ ಅವನು ಏನೋ ಕೆನ್ನೆ ಒರೆಸೋ ಭಾಗ್ಯ ಅಂದ. ನೀರಿನ ಗಲಾಟೆಯಲ್ಲಿ ಸರಿಯಾಗಿ ಕೇಳಿಸ್ಲೇ ಇಲ್ಲ.”

ಲಿಫ್ಟಪ್ಪ ಡಬ್ಬಿ ಬದಿಗಿಟ್ಟ. “ಅಂಥ ಸೀರಿಯಲ್ಲೇ ಇಲ್ಲ ಕಣೇ! ನಾನು ಕಟ್ಟಿದ ಕತೆ ಅದು. ನಮ್ಮನೆ ಟಿವಿ ಕೆಟ್ಟಿದೆ.”

ಅವಳು ಅವನನ್ನು ದಿಟ್ಟಿಸಿದಳು. ಆ ನೋಟದಲ್ಲಿ ತಮಾಷೆಯಿರಲಿಲ್ಲ. “ಅಮ್ಮಾನೂ ನೋಡ್ತಿದಾರೆ. ಚಾನೆಲ್ ಹೆಸರು ಬರಲ್ಲ, ನಟರ ಹೆಸರೂ ಬರಲ್ಲ. ಸಂಜೆ ತಾನಾಗೇ ಬರುತ್ತೆ. ಭಾನುವಾರ ಕೊನೇದಂತೆ. ಬಾ, ನೋಡು.”

ಭಾನುವಾರ ಹೊತ್ತು ಇಳಿಯುವ ವೇಳೆಗೆ ಅವನು ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ಅವಳ ಮನೆಗೆ ಹೋದ. ಸಣ್ಣ ನಡುಮನೆ, ಕಿಟಕಿಯಲ್ಲಿ ಒಣಗುವ ಬಟ್ಟೆ. ಅವಳ ಅಮ್ಮ ದಿಂಬಿನ ಮೇಲೆ ಕಾಲು ಚಾಚಿ ಕೂತಿದ್ದರು.

“ಬಾಪ್ಪಾ, ಕೂತ್ಕೋ. ಆ ಪುಕ್ಕಲ ಇವತ್ತಾದ್ರೂ ಬಾಯಿ ಬಿಡ್ತಾನಾ ನೋಡೋಣ. ನನ್ನ ತಂಗಿ ಬೇರೆ ಉತ್ತರ ಕೇಳೋಕೆ ಈಗಲೋ ಆಗಲೋ ಫೋನ್ ಮಾಡ್ತಾಳೆ.”

ಹಲ್ಲಮ್ಮ ಅವನ ಪಕ್ಕ ಕೂತಳು. ಮಧ್ಯೆ ಒಂದು ಗೇಣು ಜಾಗ. ಯಾರೂ ರಿಮೋಟ್ ಮುಟ್ಟಲಿಲ್ಲ. ಟಿವಿ ತಾನಾಗಿ ಬೆಳಗಿತು.

ಲಿಫ್ಟಿನ ಒಳಗು. ಬೆನ್ನು ತಿರುಗಿಸಿ ನಿಂತ ಗಂಡಸು. ನೀಲಿ ಅಂಗಿ. ಕಾಲರಿನ ಬಲ ತುದಿ ಮಡಚಿಕೊಂಡಿತ್ತು. ಲಿಫ್ಟಪ್ಪ ಕೈಯೆತ್ತಿ ತನ್ನ ಕಾಲರ್ ಮುಟ್ಟಿ ನೋಡಿದ; ಬಲಗಡೆಯೇ ಮಡಚಿತ್ತು. ಟಿವಿಯವನೂ ಕೈಯೆತ್ತಿ ಮುಟ್ಟಿಕೊಂಡ.

ಟೀಪಾಯಿಯ ಮೇಲಿನ ಫೋನು ಹೊಡೆದುಕೊಂಡಿತು. ಚಿಕ್ಕಮ್ಮ. ಹಲ್ಲಮ್ಮ ಅದನ್ನು ಕೈಗೆ ತೆಗೆದುಕೊಂಡಳು, ಎತ್ತಲಿಲ್ಲ. ಅವನ ಕಡೆ ತಿರುಗಿದಳು. ವಾರವಿಡೀ ಕಣ್ಣಂಚಿನಲ್ಲೇ ನೋಡಿದವಳು ಈಗ ಪೂರ್ತಿಯಾಗಿ, ಕಣ್ಣು ತುಂಬ ನೋಡಿದಳು.

ಅಷ್ಟರಲ್ಲಿ ಟಿವಿಯೊಳಗೆ ‘ಟಕ್’ ಎಂದಿತು. ಆ ಸದ್ದು ಅವನಿಗೆ ಗೊತ್ತು. ಬ್ರೇಕ್ ಬಿಟ್ಟಿದೆ, ಲಿಫ್ಟು ಇನ್ನೇನು ಕೆಳಗೆ ಹೊರಡುತ್ತದೆ. ಈ ಸಲ ಹೋದರೆ ಮತ್ತೆ ಮೇಲೆ ಬರುವುದಿಲ್ಲವೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

“ಹೋಗ್ಬೇಡ,” ಎಂದ. “ಆ ಊರಿಗೆ ಹೋಗ್ಬೇಡ. ನೀನಂದ್ರೆ ನನಗೆ ಪ್ರಾಣ. ಎಷ್ಟು ದಿನದಿಂದಲೋ. ಹೇಳೋಕೆ ಧೈರ್ಯ ಇರ್ಲಿಲ್ಲ, ಅದಕ್ಕೇ ಸಿನಿಮಾ ಹೇಳ್ತಿದ್ದೆ. ನನ್ನ ಮದುವೆ ಆಗ್ತೀಯಾ?”

ಪರದೆಯ ಮೇಲೆ ಬಾಗಿಲು ತೆರೆಯಿತು. ಹೊರಗೆ ನಿಂತವಳ ನೆರಳಷ್ಟೇ ಕಂಡಿತು.

“ಹೂಂ.”

“ಹೂಂ ಕಣೋ, ಪೆದ್ದ.”

ಬೆಚ್ಚನೆಯ ಕೈಯೊಂದು ಅವನ ಕೈಯೊಳಗೆ ಬಂತು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಅಷ್ಟು ಸುಖವಾಯಿತು. ಅಮ್ಮ ಫೋನ್ ಕಿತ್ತುಕೊಂಡು ತಂಗಿಗೆ, “ಆ ಹುಡುಗನಿಗೆ ಬೇಡ ಅಂತ ಹೇಳಿಬಿಡೇ, ಇಲ್ಲೇ ಒಂದು ಗಟ್ಟಿಯಾಯ್ತು,” ಎಂದು ಇಟ್ಟರು. ಆಮೇಲೆ ಮಗಳ ಕಡೆ ತಿರುಗಿದರು.

“ಅಲ್ಲ ಕಣೇ, ಒಂದು ಹೂಂ ಸಾಲ್ದಾ? ಎರಡೆರಡು ಸಲ ಯಾಕಂದೆ?”

“ನಾನು ಅಂದಿದ್ದು ಒಂದೇ ಸಲ ಅಮ್ಮ,” ಎಂದಳು ಹಲ್ಲಮ್ಮ.

ಮೂವರಲ್ಲಿ ಯಾರೂ ಟಿವಿಯ ಕಡೆ ತಿರುಗಲಿಲ್ಲ. ಲಿಫ್ಟಪ್ಪ ತನ್ನ ಕೈಯೊಳಗಿನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ.