ಹಳೆ ಡಿಸ್ಕಿನಲ್ಲಿ ಉಳಿದವರು

ನವೆಂಬರ್ ಹದಿನೆಂಟು, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಅಕ್ಕಲಕೋಟದ ಠಾಣೆಗೆ ಬಂದ ವಿಶ್ವನಾಥ ಮೊದಲು ನೀರು ಕೇಳಿದರು, ಆಮೇಲೆ ಕುರ್ಚಿ ಕೇಳಿದರು, ಕುಳಿತು ಬೆವರು ಒರೆಸಿಕೊಂಡ ಮೇಲೆ ದೂರು ಹೇಳಿದರು.

"ಕಳವಾಗೇತ್ರಿ, ಹವಾಲ್ದಾರ ಸಾಹೇಬ್ರ."

"ಏನು?" ಹವಾಲ್ದಾರ ಅಮೋಗಸಿದ್ಧ ಪೆನ್ನಿನ ಟೊಪ್ಪಿಗೆ ತೆಗೆದ.

"ನಮ್ಮ ಕೇಂದ್ರದ ಕಂಪ್ಯೂಟರಿನ ಹಾರ್ಡ್ ಡಿಸ್ಕ್."

ಪೆನ್ನು ಕಾಗದಕ್ಕೆ ತಾಗಲಿಲ್ಲ. ಅಮೋಗಸಿದ್ಧ ಟೊಪ್ಪಿಗೆಯನ್ನು ಮತ್ತೆ ಪೆನ್ನಿಗೇ ಸಿಕ್ಕಿಸಿದ.

ವಿಶ್ವನಾಥರದು ವಧು-ವರ ಸೂಚಕ ಕೇಂದ್ರ. ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ಹನ್ನೆರಡು ವರ್ಷದಿಂದ ಅಕ್ಕಲಕೋಟ, ಸೊಲ್ಲಾಪುರ, ಮಂಗಳವೇಢೆಯ ಗಂಡು-ಹೆಣ್ಣುಗಳ ಬಯೋಡಾಟಾ ಆ ಒಂದು ಕಂಪ್ಯೂಟರಿನಲ್ಲಿ ಕೂಡಿಟ್ಟಿದ್ದರು. ವಿಶ್ವನಾಥರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲದ ಸಂಗತಿಯೆಂದರೆ, ಹೋದ ಬೇಸಿಗೆಯಲ್ಲಿ ಅದರಲ್ಲಿ ಅಮೋಗಸಿದ್ಧನ ಬಯೋಡಾಟಾ ಕೂಡ ಇತ್ತು. ಹೆಂಡತಿ ತೀರಿ ಆರು ವರ್ಷ, ವಯಸ್ಸು ಐವತ್ತೆರಡು. ಮಗಳು ಶೀತಲ ಸೊಲ್ಲಾಪುರಕ್ಕೆ ಮದುವೆಯಾಗಿ ಹೋದ ಮೇಲೆ ಒಂಟಿ ಒಲೆಗೆ ಬೇಸರ ಬಂದು ಹೆಸರು ಕೊಟ್ಟಿದ್ದ. ಒಂದೇ ತಿಂಗಳಲ್ಲಿ ಅಂಜಿ ತೆಗೆಸಿದ. ಅವ್ವನ ಜಾಗಕ್ಕೆ ಇನ್ನೊಬ್ಬಳನ್ನು ಹುಡುಕುತ್ತಿದ್ದಾನೆಂದು ಮಗಳಿಗೆ ತಿಳಿದರೆ ಅವಳು ಮತ್ತೆ ಮೊದಲಿನಂತೆ ಮಾತಾಡಿಯಾಳೇ ಎಂಬುದೇ ಅವನ ಅಂಜಿಕೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹವಾಲ್ದಾರ ಏನನ್ನೂ ಕದ್ದಿರಲಿಲ್ಲ, ಆದರೂ ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವನದು. ವಿಶ್ವನಾಥರೂ ಅವನ ಮುಖ ಬಿಟ್ಟು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಮೂರು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ನಾಲ್ಕು ಕಾಲಿಗೆ ಇನ್‌ಸ್ಪೆಕ್ಟರ್ ಕೇತಕಿ, ಕಾನ್‌ಸ್ಟೇಬಲ್ ಸಪ್ನಾ ಮತ್ತು ಅಮೋಗಸಿದ್ಧ ಕೇಂದ್ರಕ್ಕೆ ಹೋದರು. ತುಳಸಿ ಲಗ್ನ ಮುಗಿದು ಮದುವೆಯ ಹಂಗಾಮು ಶುರುವಾಗಿತ್ತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಮೇಜಿನ ಮೇಲೆ ಒಂದು ಸ್ಕ್ರೂಡ್ರೈವರ್, ಒಂದು ವೈರು. ಅದರ ಮುಂದೆ ವಿಶ್ವನಾಥರ ಅಕ್ಕನ ಮಗ ತುಷಾರ ಜೋಲುಮೋರೆ ಹಾಕಿಕೊಂಡು ನಿಂತಿದ್ದ. ಕಂಪ್ಯೂಟರಿನ ಕೆಲಸ ಮಾಡಿದವನು ಅವನೇ.

"ಏನ್ ಮಾಡಾಕತ್ತಿದ್ದಿ?" ಕೇತಕಿ ಕೇಳಿದರು.

"ಇದು ಚಾಲೂ ಆಗೂದ್ರಾಗ ಮಾಮಾ ಸ್ನಾನ, ಪೂಜಾ, ನಾಷ್ಟಾ ಮುಗಿಸಿ ಬರತಿದ್ರು ಮ್ಯಾಡಂ. ಅದಕ್ಕ ಲಗೂನ ಚಾಲೂ ಆಗೂ ಹೊಸಾ ಡಿಸ್ಕ್, ಎಸ್‌ಎಸ್‌ಡಿ, ತಂದೆ. ಹಳೆ ಡಿಸ್ಕ್ ಐದನೂರು ಜಿಬಿ, ಹೊಸಾದು ಇನ್ನೂರಾ ನಲವತ್ತು."

"ಹೊಸಾ ವಿಂಡೋಸ್ ಹಾಕಿದ್ರ ಆಗತಿರಲಿಲ್ಲ?"

"ಜಾತಕ ಕೂಡಿಸೋ ಪ್ರೋಗ್ರಾಮ್ ಬರದವ್ರು ತೀರಿಕೊಂಡಾರ್ರಿ. ಹೊಸಾದ್ರಾಗ ಅದು ಕೂಡೂದಿಲ್ಲ. ಇದ್ದ ವಿಂಡೋಸನ್ನ ಇದ್ದಂಗ ಎತ್ತಿ ಇಡಬೇಕಾಗಿತ್ತು."

"ದೊಡ್ಡದರ ಸಾಮಾನು ಸಣ್ಣದ್ರಾಗ ಹೆಂಗ ಹಿಡೀತು?"

"ಮದ್ವಿ ವಿಡಿಯೋ ಎಲ್ಲಾ ಬ್ಯಾರೆ ಕಡೆ ಸರಸಿ, ಡಿಸ್ಕಿನ ಒಳಗಿನ ಪಾಲು, ಪಾರ್ಟಿಶನ್, ಸಣ್ಣದ ಮಾಡಿದೆ. ಬಳಕ್ಯಾಗ ಇದ್ದದ್ದಷ್ಟ ಹೊಸಾದಕ್ಕ ಹೋತು."

"ಮತ್ತ ಅಳಿಸಿದ್ದು?" ಅಮೋಗಸಿದ್ಧ ಕೇಳಿದ. ದನಿ ಅವನಿಗೇ ಗುರುತು ಸಿಗದಷ್ಟು ಸಣ್ಣಗಿತ್ತು.

"ಅದು ಹೋಗಂಗಿಲ್ರಿ. ಹಳೇದ್ರಾಗ ಹಂಗ ಕುಂತಿರತೈತಿ. ತಿಳಿದವ್ರು ಮನಸ್ ಮಾಡಿದ್ರ ತಗೀಬಹುದು."

ಕೇತಕಿ ಹವಾಲ್ದಾರನನ್ನು ಒಮ್ಮೆ ನೋಡಿ, ಮತ್ತೆ ತುಷಾರನತ್ತ ತಿರುಗಿದರು. "ಇದನ್ನ ಯಾರ ಮುಂದ ಹೇಳಿದಿ?"

"ಕುಂತವ್ರೆಲ್ಲಾರ ಮುಂದ. ಅವ್ರಿಗೂ ಟೈಮ್ ಹೋಗಬೇಕಲ್ಲರಿ."

ಉಳಿದದ್ದು ಪಂಚನಾಮೆಯಲ್ಲಿ, ಅಂದರೆ ಸ್ಥಳದ ಮಹಜರಿನಲ್ಲಿ, ಬಂತು. ಹನ್ನೆರಡು ಐವತ್ತಕ್ಕೆ ನಕಲು ಮುಗಿದಿತ್ತು. ಸಣ್ಣ ಡಿಸ್ಕು ದೊಡ್ಡದರ ಖಾನೆಯಲ್ಲಿ ನಿಲ್ಲದ್ದರಿಂದ ಅದಕ್ಕೊಂದು ತಗಡಿನ ಪಟ್ಟಿ ತರಲು ತುಷಾರ ಪೇಟೆಗೆ ಹೋಗಿದ್ದ. ವಿಶ್ವನಾಥ ಒಳಗೆ ಊಟಕ್ಕೆ ಕೂತಿದ್ದರು. ಇಪ್ಪತ್ತು ನಿಮಿಷದ ಮೇಲೆ ನೋಡಿದರೆ ಮೇಜಿನ ಮೇಲೆ ಹೊಸ ಡಿಸ್ಕು ಒಂದೇ ಇತ್ತು.

"ಹೊಸಾದನ್ನ ಬಿಟ್ಟು ಸವೆದದ್ದನ್ನ ಒಯ್ದಾನ," ಎಂದರು ಕೇತಕಿ. "ಇವನು ಮಾರಾಕ ಕದ್ದವನಲ್ಲ. ಅಳಿಸಿದ್ದರ ಮ್ಯಾಲ ಇವನ ಕಣ್ಣು. ಹೌದಲ್ಲ, ಹವಾಲ್ದಾರ್?"

"ಹೌದ್ರಿ," ಎಂದ ಅಮೋಗಸಿದ್ಧ. ಆಗಲೇ ಹೇಳಿಬಿಡಬೇಕಿತ್ತು. ಬದಲಿಗೆ ಭೇಟಿಯ ಪುಸ್ತಕ ಕೈಗೆತ್ತಿಕೊಂಡ.

ಭೇಟಿಯ ಪುಸ್ತಕದಲ್ಲಿ ಆ ಹೊತ್ತಿಗೆ ಮೂರೇ ಹೆಸರು. ಮರುದಿನ ಬುಧವಾರ ಹತ್ತೂವರೆಗೆ ಮೈಂದರ್ಗಿಯ ಕಿರಾಣಿ ಅಂಗಡಿಯ ನಾಗಪ್ಪ ಠಾಣೆಗೆ ಬಂದ. ಎರಡು ವರ್ಷದಿಂದ ಮಗನಿಗೆ ಹೆಣ್ಣು ಹುಡುಕಿ ಸೋತವನು.

"ಮೇಜಿನ ಮ್ಯಾಲ ಏನಿತ್ತು?" ಕೇತಕಿ ಕೇಳಿದರು.

"ತಂಬಾಕದ ಡಬ್ಬಿ ಅನ್ಕೊಂಡ್ನಿರಿ. ವಿಶ್ವನಾಥ್ರು ಯಾವಾಗ ಚಟಾ ಹಚ್ಚಿಕೊಂಡ್ರು ಅಂತ ಕೇಳೋಣ ಅಂದ್ರ ಅವ್ರು ಊಟಕ್ಕ ಹೋಗಿದ್ರು."

ಹನ್ನೊಂದೂವರೆಗೆ ಮಂಗಳವೇಢೆಯಿಂದ ಎಸ್‌ಟಿ ಬಸ್ಸಿನಲ್ಲಿ ಎರಡನೆಯ ಹೆಸರಿನ ಸಚಿನ ಬಂದ. ಕೇಂದ್ರದ ವಿಷಯಕ್ಕೆ ಬಾ ಎಂದು ಫೋನು ಹೋಗಿತ್ತಷ್ಟೆ. ಹೆಣ್ಣು ಗೊತ್ತಾಗಿದೆ ಎಂದುಕೊಂಡು ಇಸ್ತ್ರಿ ಅಂಗಿ, ಅತ್ತರು, ಕೈಯಲ್ಲಿ ಪೇಢೆಯ ಪೊಟ್ಟಣ. ಸಪ್ನಾ ನಗು ತಡೆಯಲಾರದೆ ಹೊರಗೆ ಹೋದಳು.

"ಏನ್ ಕಳವಾಗೇತಿ ಗೊತ್ತೇನು?"

"ಎಸ್‌ಎಸ್‌ಡಿನ ಇರಬೇಕಲ್ರಿ? ಹಳೇದನ್ನ ಯಾವ ಹುಚ್ಚ ಒಯ್ತಾನ?"

ಕದ್ದವನಿಗೆ ಏನು ಕದ್ದೆನೆಂದು ತಿಳಿದಿರುತ್ತದೆ. ನಾಗಪ್ಪನಂತೆ ಸಚಿನನನ್ನೂ ಬಿಟ್ಟು ಕಳಿಸಿದರು. ಪೇಢೆ ಠಾಣೆಯಲ್ಲೇ ಉಳಿಯಿತು.

ಮೂರನೆಯ ಹೆಸರು ಮಂದ್ರೂಪದ ಇಂದುಬಾಯಿ. ಜೀಪು ಸೊಲ್ಲಾಪುರ ದಾಟಿ, ಮಂದ್ರೂಪದ ಠಾಣೆಗೆ ತಿಳಿಸಿ, ಎರಡು ನಲವತ್ತಕ್ಕೆ ಅವಳ ಅಂಗಳದಲ್ಲಿ ನಿಂತಿತು. ಐವತ್ತರ ಹೆಂಗಸು, ಗಂಡ ಹೋದ ಮೇಲೆ ಒಂಬತ್ತು ಎಕರೆ ಕಬ್ಬು, ಜೋಳ ತಾನೇ ನಿಂತು ಮಾಡಿಸುತ್ತಿದ್ದಳು. ಮೈದುನನ ಮಗಳು ರೂಪಾಲಿಗೆ ವರ ನೋಡಲು ಕೇಂದ್ರಕ್ಕೆ ಹೋಗಿದ್ದೆ ಎಂದಳು. ಚಹಾ ಇಟ್ಟಳು. ದನಿ ಗಟ್ಟಿ, ಆದರೆ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಹಗ್ಗವಾಗಿತ್ತು.

"ಮೇಜಿನ ಮ್ಯಾಲ ಏನಿತ್ತು, ಮಾವಶಿ?" ಕೇತಕಿ ಸಲಿಗೆಯಿಂದ ಕೇಳಿದರು.

"ಎರಡ ಡಬ್ಬಿ ಇದ್ದೂರಿ. ಸಣ್ಣದು ಹಗೂರ, ಖಾಲಿ ಇದ್ದಂಗ. ಇನ್ನೊಂದು ವಜ್ಜಾ."

ಬರೆಯುತ್ತಿದ್ದ ಸಪ್ನಾಳ ಕೈ ನಿಂತಿತು. ಕೇತಕಿ ಚಹಾದ ಬಟ್ಟಲು ಮೆಲ್ಲಗೆ ಕೆಳಗಿಟ್ಟರು.

"ವಜ್ಜಾ ಅಂತ ದೂರಿಂದ ನೋಡಿದ್ರ ಹೆಂಗ ತಿಳೀತು?"

ಇಂದುಬಾಯಿ ಎದ್ದು ಅಡಿಗೆಮನೆಗೆ ಹೋಗಿ ಕಡಕ ರೊಟ್ಟಿಯ ಬುಟ್ಟಿ ತಂದಳು. ಹನ್ನೊಂದು ರೊಟ್ಟಿಯ ಕೆಳಗೆ ಹಳೆ ಸೀರೆಯ ಚಿಂದಿಯಲ್ಲಿ ಡಿಸ್ಕಿತ್ತು. ಅದರ ನಂಬರು, ಕೆಲಸಕ್ಕೆ ಮುಂಚೆ ತುಷಾರ ಮೊಬೈಲಿನಲ್ಲಿ ತೆಗೆದಿಟ್ಟ ಫೋಟೋದ ನಂಬರಿಗೆ ಸರಿಹೋಯಿತು. ಮೂರು ಇಪ್ಪತ್ತೈದಕ್ಕೆ ಪಂಚನಾಮೆ. ಸಾಕ್ಷಿಗೆ ಪಂಚರಾಗಿ ಬಂದ ಪಕ್ಕದ ಮನೆಯವರಿಬ್ಬರಿಗೆ ಕಣ್ಣಿಗಿಂತ ಕಿವಿಗೇ ಕೆಲಸ ಹೆಚ್ಚು. ಸಹಿ ಆದೊಡನೆ ಅಮೋಗಸಿದ್ಧ ಅವರನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದ.

"ಯಾಕ ತಗೊಂಡ್ರಿ?" ಕೇತಕಿ ಕೇಳಿದರು.

ಇಂದುಬಾಯಿ ರೊಟ್ಟಿಗಳನ್ನು ಒಂದೊಂದಾಗಿ ಮತ್ತೆ ಬುಟ್ಟಿಗೆ ಹಾಕತೊಡಗಿದಳು.

"ನೀವು ಹೇಳದಿದ್ರ ಡಿಸ್ಕ್ ಲ್ಯಾಬಿಗೆ ಕಳಸಬೇಕಾಗತದ. ಒಳಗ ಇದ್ದದ್ದು, ಅಳಿಸಿದ್ದು, ಎಲ್ಲಾ ಕಾಗದದ ಮ್ಯಾಲ ಬರತದ."

ಇಂದುಬಾಯಿಯ ಮುಖ ಬಿಳಿಚಿತು. ಅಮೋಗಸಿದ್ಧ ಆ ಮುಖ ನೋಡಿದ. ನಿನ್ನೆಯಿಂದ ತಾನು ಹೊತ್ತು ತಿರುಗುತ್ತಿದ್ದ ಅಂಜಿಕೆಯೇ ಅಲ್ಲಿ ಕೂತಿತ್ತು. ಅವನಿಗೆ ಅವಳ ಮೇಲೆ ಕನಿಕರ ಹುಟ್ಟಿತು, ತನ್ನ ಮೇಲೆ ಸಿಟ್ಟು ಬಂತು.

"ಮ್ಯಾಡಂ," ಎಂದ. "ಅದ್ರಾಗ ನನ್ನ ಹೆಸರೂ ಐತ್ರಿ. ಬಿಜವರ ಅಂತ, ಎರಡನೇ ಸಂಬಂಧಕ್ಕ ಕೊಟ್ಟಿದ್ದೆ. ಆಮ್ಯಾಲ ತಗಸಿದೆ. ನಿನ್ನಿಯಿಂದ ಕಣ್ಣಿಗೆ ನಿದ್ದಿಲ್ರಿ."

ಸಪ್ನಾ ಬಾಯಿ ತೆರೆದವಳು ಮುಚ್ಚಲಿಲ್ಲ. ಇಂದುಬಾಯಿ ಅವನನ್ನು ಮೇಲಿಂದ ಕೆಳಗೆ, ಟೊಪ್ಪಿಗೆಯಿಂದ ಬೂಟಿನವರೆಗೆ ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟು ನಕ್ಕಳು.

"ಪೊಲೀಸರಿಗೂ ಮಂದಿ ಅಂಜಿಕಿ ಇರತೈತೇನ್ರಿ?"

"ಮಂದೀದಲ್ರಿ, ಮಗಳದು."

ನಕ್ಕ ಮೇಲೆ ಅವಳಿಗೆ ಮಾತು ಸಲೀಸಾಯಿತು. "ರೂಪಾಲಿದು ನೆಪ ರೀ. ಹೆಸರು ಕೊಟ್ಟಿದ್ದು ನಾನು, ಉಡಿಕಿಗೆ, ಎರಡನೇ ಲಗ್ನಕ್ಕ. ಆಮ್ಯಾಲ ಧೈರ್ಯ ಸಾಲದ ತಗಸಿದೆ, ಆದ್ರೂ ಅತ್ತ ಹೋಗೂದು ಬಿಡಲಿಲ್ಲ. ಅಳಿಸೇತಿ ಅಂತ ಆರಾಮಿದ್ದೆ. ನಿನ್ನಿ ಆ ಹುಡುಗ ಎಲ್ಲಾ ಹಳೇದ್ರಾಗ ಕುಂತೈತಿ ಅಂದಕೂಡಲೆ ಕೈಕಾಲು ತಣ್ಣಗಾದೂ. ಐವತ್ತಕ್ಕ ಯಾಕ ಬೇಕಿತ್ತು ಅಂತಾರ ಮಂದಿ. ಬೇಕಿತ್ರಿ. ಸಂಜಿಮುಂದ ಮಾತಾಡಾಕ ಒಬ್ರು ಬೇಕಿತ್ತು."

ಕೇತಕಿ ಅಮೋಗಸಿದ್ಧನ ಕಡೆ ತಿರುಗಿದರು.

"ಹವಾಲ್ದಾರ್, ಇದನ್ನ ನಿನ್ನೆ ಹೇಳಬೇಕಿತ್ತು."

"ತಪ್ಪಾತ್ರಿ."

"ಇನ್ನ ಈ ಕೇಸಿನ ಒಂದ ಕಾಗದಕ್ಕೂ ನಿಮ್ಮ ಸಹಿ ಬೀಳೂಹಂಗಿಲ್ಲ. ಸಪ್ನಾ ಬರೀತಾಳ. ಡಿಸ್ಕಿನ ಗುರುತಿಗೆ ನಂಬರ್ ಸಾಕು. ಅದನ್ನ ತೆರೆಯೂ ಕಾರಣ ಇನ್ನ ಉಳಿದಿಲ್ಲ. ಸೀಲ್ ಹಾಕ್ರಿ."

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಹೊತ್ತು ಮುಳುಗುವ ಮುಂಚೆ, ಸಪ್ನಾ ಇಂದುಬಾಯಿಯನ್ನು ಬಂಧಿಸಿದಳು. ಬಂಧಿತೆ ಬೀಗ ಹಾಕಿ, ದನಕ್ಕೆ ಮೇವು ಹಾಕಲು ಪಂಚರಿಗೇ ಹೇಳಿ ಜೀಪು ಹತ್ತಿದಳು. ಹೆಂಗಸು, ಮೊದಲ ತಪ್ಪು, ಮಾಲೂ ಸಿಕ್ಕಿತ್ತು, ಠಾಣೆಯಲ್ಲೇ ಜಾಮೀನು ಕೊಡಬಹುದಿತ್ತು. ಆರೂವರೆಗೆ ಅಕ್ಕಲಕೋಟದಲ್ಲಿ ಜಾಮೀನು ನಿಂತವರು ವಿಶ್ವನಾಥರೇ. ದೂರು ಕೊಟ್ಟವರೇ ಜಾಮೀನಾದದ್ದು ಕೇತಕಿಯವರ ಹದಿನಾಲ್ಕು ವರ್ಷದ ನೌಕರಿಯಲ್ಲಿ ಅದೇ ಮೊದಲು. "ನಮ್ಮ ಕೇಂದ್ರದಾಗ ಹೆಸರಿದ್ದವ್ರು, ಬಿಡಾಕ ಆಗ್ತದೇನ್ರಿ?" ಎಂದರು ವಿಶ್ವನಾಥ. ಅಪರಾಧದ ಕಾರಣ ಎಂಬಲ್ಲಿ ಸಪ್ನಾ ಮರಾಠಿಯಲ್ಲಿ ಒಂದೇ ಸಾಲು ಬರೆದಳು: ಜನ ಏನೆಂದಾರು ಎಂಬ ಭಯ.

ಅಷ್ಟರಲ್ಲಿ ಅಮೋಗಸಿದ್ಧ ಠಾಣೆಯ ಮೆಟ್ಟಿಲ ಮೇಲೆ ಕೂತು ಸೊಲ್ಲಾಪುರಕ್ಕೆ ಫೋನು ಹಚ್ಚಿದ್ದ. ಊರ ಬಾಯಿಂದ ತಿಳಿಯುವ ಮುಂಚೆ ತಾನೇ ಹೇಳುವುದು ಲೇಸು. ಹೇಳಿದ. ಆ ಕಡೆ ಕುಕ್ಕರಿನ ಸೀಟಿ ಎರಡು ಸಲ ಕೂಗಿತು.

"ಅಪ್ಪಾ," ಎಂದಳು ಶೀತಲ. "ತಗಸಿದ್ದು ಯಾಕ?"

"ನಿನಗ ಏನ್ ಅನಸ್ತದೋ ಅಂತ..."

"ನನಗ ಕೇಳಿದ್ರೇನು? ನೀವು ಒಬ್ರ ಉಣತೀರಿ ಅಂತ ನನಗಿಲ್ಲಿ ಅನ್ನ ಇಳಿಯಂಗಿಲ್ಲ. ನಾಳೆ ಮತ್ತ ಹೆಸರು ಕೊಡ್ರಿ. ಫೋಟೋ ಮಾತ್ರ ಪೊಲೀಸ್ ಡ್ರೆಸ್ ಮ್ಯಾಲಿಂದು ಬ್ಯಾಡ, ಹಿಡಿಯಾಕ ಬಂದಾರ ಅಂತ ಓಡಿಹೋಗ್ತಾರ."

ಅವನಿಗೆ ನಗುವೂ ಬಂತು, ಕಣ್ಣೀರೂ ಬಂತು. ಯಾವುದನ್ನು ಮೊದಲು ಒರೆಸಿಕೊಳ್ಳಬೇಕೋ ತಿಳಿಯದೆ ಕೂತಿದ್ದಾಗ ಇಂದುಬಾಯಿ, ವಿಶ್ವನಾಥ ಹೊರಗೆ ಬಂದರು.

"ಮಗಳು ಏನಂದಳ್ರಿ?" ಇಂದುಬಾಯಿ ಕೇಳಿದಳು.

"ಬೈದಳ್ರಿ."

"ಹೆಸರು ಕೊಟ್ಟಿದ್ದಕ್ಕ?"

"ಅಳಿಸಿದ್ದಕ್ಕ."

ಇಂದುಬಾಯಿ ಎರಡು ಮೆಟ್ಟಿಲು ಇಳಿದಳು, ನಿಂತಳು, ಸೆರಗು ಸರಿಮಾಡಿಕೊಂಡು ವಿಶ್ವನಾಥರ ಕಡೆ ತಿರುಗಿದಳು.

"ನಿಮ್ಮ ಹೊಸಾ ಡಿಸ್ಕಿನ್ಯಾಗ ಜಾಗಾ ಐತೇನ್ರಿ? ನನ್ನ ಹೆಸರೂ ಮತ್ತ ಬರಕೋರಿ. ಈ ಸಲ ರೂಪಾಲಿದು ನೆಪ ಬ್ಯಾಡ."