ಮೊದಲ ಹತ್ತು ನಿಮಿಷ

“ಬರಿ ಚಾಚಾ. ಸೌದಿ ಎರಡು, ಅರ್ಜೆಂಟೀನಾ ಒಂದು.”

ತೌಸೀಫ್ ಚಾಚಾ ಸೀಮೆಸುಣ್ಣ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

“ಅತೀಯಾ, ಅರ್ಜೆಂಟೀನಾ ಅಂದ್ರ ಏನಂತ ತಿಳ್ಕೊಂಡಿ? ಇಡೀ ಶಹಾಬಾದ್ ನಗತದ ನಿನಗ.”

“ನಗಲಿ. ಅಬ್ಬಾ ಸೌದ್ಯಾಗೇ ಇದ್ದಾರಲ್ಲ. ನಂದು ಸೌದಿನೇ.”

ಚಾಚಾ ಕೆಲಸ ಮಾಡುವ ಫರ್ಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಫುಟ್‌ಬಾಲ್ ವಿಶ್ವಕಪ್ ಶುರುವಾದಾಗಿನಿಂದ ಇದೇ ಆಟ. ಪಂದ್ಯಕ್ಕೆ ಮೊದಲು ಪ್ರತಿಯೊಬ್ಬರೂ ಒಂದು ಒಡೆದ ಫರ್ಸಿಯ ಮೇಲೆ ತಮ್ಮ ಹೆಸರು ಬರೆದು, ಯಾರು ಎಷ್ಟು ಗೋಲು ಹೊಡೆಯುತ್ತಾರೆಂದು ಬರೆಯಬೇಕು. ಸೋತವರು ಚಹಾ ಕುಡಿಸಬೇಕು. ಜನ್ಮದಲ್ಲಿ ಒಂದು ಸಲವೂ ಚೆಂಡು ಒದೆಯದ ಜಹಾಂಗೀರ ಮಾಮು ಕೂಡ ಬ್ರೆಜಿಲ್ ಬಗ್ಗೆ ಭಾಷಣ ಬಿಗಿಯುತ್ತಾರಂತೆ.

ಚಾಚಾ ಆ ಆಟವನ್ನು ಮನೆಗೂ ತಂದ. ಆದರೆ ಅಬ್ಬಾರ ತಾಯಿ, ದಾದಿ ಸುಗರಾಬಿ, ಸುಮ್ಮನೆ ಬಿಡಬೇಕಲ್ಲ.

“ರೊಕ್ಕ ಕಟ್ಟಿದ್ರೂ ಜೂಜೇ, ಚಹಾ ಕಟ್ಟಿದ್ರೂ ಜೂಜೇ. ನನ್ನ ಮನ್ಯಾಗ ಅದು ನಡ್ಯಂಗಿಲ್ಲ,” ಅಂದಳು. ಆಮೇಲೆ ಅವಳಿಗೂ ಆಸೆ ತಡೆಯಲಿಲ್ಲ. ತಾನೇ ಒಂದು ದಾರಿ ಹುಡುಕಿದಳು. ಮಂಗಳವಾರದ ಪಂದ್ಯದಲ್ಲಿ ಯಾರು ಬರೆದದ್ದು ಸರಿಯಾಗುತ್ತದೋ ಅವರಿಗೆ ಅಬ್ಬಾರ ಫೋನ್ ಬಂದಾಗ ಮಾತಾಡಲು ಮೊದಲ ಹತ್ತು ನಿಮಿಷ.

ಅಬ್ಬಾ ಸೌದಿಯ ದಮ್ಮಾಮ್‌ಗೆ ಟೈಲ್ಸ್ ಹಾಕುವ ಕೆಲಸಕ್ಕೆ ಹೋಗಿ ಎರಡು ವರ್ಷವಾಗಿತ್ತು. ರಜೆ ಇದ್ದ ದಿನ ಮಾತ್ರ ವಿಡಿಯೊ ಕಾಲ್. ಮೊದಲು ದಾದಿ, ಆಮೇಲೆ ಚಾಚಾ. ಅಷ್ಟರಲ್ಲಿ ನೆಟ್ ಹೋಗುತ್ತಿತ್ತು, ಇಲ್ಲವೇ ಅಬ್ಬಾರನ್ನು ರೂಮಿನವರು ಊಟಕ್ಕೆ ಕರೆಯುತ್ತಿದ್ದರು. ಅತೀಯಾಳ ಪಾಲಿಗೆ ಉಳಿಯುತ್ತಿದ್ದದ್ದು “ಅಭ್ಯಾಸ ಮಾಡ್ತಿ ಇಲ್ಲ?” ಅನ್ನುವಷ್ಟೇ. ಕೊನೆಗೆ ಅಮ್ಮಿ ಸೆರಗು ಸರಿಮಾಡಿಕೊಂಡು, ದಾದಿಯ ಎದುರಿಗೇ ನಿಂತು, “ಎಲ್ಲಾ ಛಲೋ ಅದರಿ. ಹೊತ್ತಿಗೆ ಸರಿಯಾಗಿ ಉಣ್ರಿ,” ಎಂದು ಫೋನ್ ತಿರುಗಿ ಕೊಟ್ಟುಬಿಡುತ್ತಿದ್ದಳು.

ಒಂದು ಸಲವಾದರೂ ಅಬ್ಬಾ ತನ್ನೊಬ್ಬಳ ಜೊತೆ ಮಾತಾಡಬೇಕು. ಅತೀಯಾಳಿಗೆ ಬೇರೇನೂ ಬೇಕಾಗಿರಲಿಲ್ಲ. ಹೇಳುವುದು ಎಷ್ಟೊಂದಿತ್ತು. ಮಳಖೇಡ ಕೋಟೆಗೆ ಟ್ರಿಪ್ ಹೋಗಿದ್ದು, ಖೋ-ಖೋ ಟೀಮಿಗೆ ಸೇರಿದ್ದು, ಅಬ್ಬಾರ ಹಳೆ ಶರ್ಟಿನಿಂದ ಅವರ ವಾಸನೆ ಹೋಗಿಬಿಟ್ಟಿದ್ದು.

ಚಾಚಾ ಹೊಸ್ತಿಲ ಪಕ್ಕದ ಫರ್ಸಿಯ ಮೇಲೆ ಅವಳ ಹೆಸರು ಬರೆದ. ಅದರ ಕೆಳಗೆ ತನ್ನದು: ಅರ್ಜೆಂಟೀನಾ ನಾಲ್ಕು, ಸೌದಿ ಸೊನ್ನೆ.

“ನಂದು ಇಬ್ಬರದೂ ಒಂದೊಂದು,” ಅಂದಳು ದಾದಿ. “ಆ ಹುಡುಗರೂ ಯಾರ್ದೋ ಮಕ್ಕಳೇ. ಒಬ್ಬರಿಗೆ ಯಾಕ ಸೋಲಸಬೇಕು?”

“ಅಮ್ಮಿ, ನಿಂದು?”

“ನನಗೆಲ್ಲಿ ಪುರ್ಸತ್ ಅದ ಬೇಟಾ. ನೀವೇ ಆಡ್ರಿ,” ಅಡಿಗೆಮನೆಯಿಂದ ಅಮ್ಮಿಯ ದನಿ ಬಂತು.

ಮಂಗಳವಾರ ಶಾಲೆಯಲ್ಲಿ ಕೊನೆಯ ಪಿರಿಯಡ್ ಮುಗಿಯಲೇ ಒಲ್ಲದು. ಗಂಟೆ ಹೊಡೆದದ್ದೇ ತಡ, ಅತೀಯಾ ನೇರವಾಗಿ ಚಾಚಾನ ಕಾರ್ಖಾನೆಗೆ ಓಡಿದಳು. ಮಷೀನುಗಳೆಲ್ಲ ನಿಂತಿದ್ದವು. ಮೈತುಂಬ ಕಲ್ಲಿನ ಹುಡಿ ಮೆತ್ತಿಕೊಂಡ ಗಂಡಸರು ಒಂದೇ ಮೊಬೈಲಿನ ಸುತ್ತ ಬಗ್ಗಿ ನಿಂತಿದ್ದರು.

“ಬಾ ಅತೀಯಾ, ಬಾ,” ಜಹಾಂಗೀರ ಮಾಮು ಜಾಗ ಬಿಟ್ಟರು. “ನಿಂದೇ ನಡದದ. ಎರಡು-ಒಂದು.”

ಉಳಿದವರೆಲ್ಲ ಗೋಲು ಬೇಕು ಎಂದು ಕೂಗುತ್ತಿದ್ದರು. ಅತೀಯಾ ಒಬ್ಬಳೇ, ಇನ್ನು ಯಾರೂ ಗೋಲು ಹೊಡೆಯದಿರಲಿ ಎಂದು ಕಣ್ಣು ಮುಚ್ಚಿ ಬೇಡಿಕೊಂಡಳು. ಯಾರೂ ಹೊಡೆಯಲಿಲ್ಲ. ಸೀಟಿ ಊದಿದರು. ಚಾಚಾನ ಮುಖ ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆ ಗೆಲುವಿಗೆ ಸೌದಿಯಲ್ಲಿ ಮರುದಿನ ರಜೆ ಕೊಟ್ಟುಬಿಟ್ಟರು. ಹಾಗಾಗಿ ಬುಧವಾರ ಸಂಜೆಯೇ ಫೋನ್ ಬಂತು. ರೂಢಿಯಂತೆ ದಾದಿಯ ಕೈ ಮುಂದೆ ಹೋಯಿತು. ಮತ್ತೆ ಹಿಂದೆ ಬಂತು.

“ತಗೋ. ಮಾತಂದ್ರ ಮಾತು,” ಅಂದಳು.

ಅತೀಯಾ ಫೋನ್ ಎತ್ತಿಕೊಂಡು ಹಿತ್ತಲಿಗೆ ಓಡಿದಳು.

“ಅಬ್ಬಾ, ನಾ ಗೆದ್ದೀನಿ. ಹತ್ತು ನಿಮಿಷ ಪೂರಾ ನಂದೇ.”

“ಶಾಬಾಶ್. ಇಲ್ಲಿ ನಮ್ಮ ರೂಮಿನ್ಯಾಗೂ ಎಲ್ಲರೂ ಬರದಿದ್ವಿ. ಒಬ್ಬರದೂ ಖರೇ ಆಗಲಿಲ್ಲ ನೋಡು,” ಅಬ್ಬಾ ನಕ್ಕರು. ಅವರು ಸೊರಗಿದ್ದರು. ಅವರ ಕಣ್ಣು ಅವಳ ತಲೆಯ ಹಿಂದೆ ಏನನ್ನೋ ಹುಡುಕುತ್ತಿತ್ತು. “ಅದು ನಮ್ಮ ನಿಂಬಿ ಗಿಡ ಏನು ಬೇಟಾ? ಇಷ್ಟು ದೊಡ್ಡದಾಯ್ತಾ? ತೋರಸು, ತೋರಸು.”

ಅವಳು ತೋರಿಸಿದಳು. ಆಮೇಲೆ ನೀರಿನ ಟಾಕಿ. ಆಮೇಲೆ ಆಡು.

“ಅಬ್ಬಾ, ನಾ ಖೋ-ಖೋ ಟೀಮಿಗೆ...”

“ಹಾಂ, ಹೇಳು. ನಡೀತಾ ಹೇಳು. ಹಂಗೇ ಮನಿ ಒಳಗ ಹೋಗು.”

ಅತೀಯಾಳಿಗೆ ಸಿಟ್ಟು ಬಂತು. ಗೆದ್ದದ್ದು ತಾನು, ಅಬ್ಬಾ ನೋಡುವುದು ಆಡು. ಒಳಗೆ ಬಂದು ನೋಡಿದರೆ ಗೋಡೆಯ ಗಡಿಯಾರದಲ್ಲಿ ಆಗಲೇ ನಾಲ್ಕು ನಿಮಿಷ ಹೋಗಿತ್ತು.

“ಅಡಗಿಮನ್ಯಾಗ ಏನ್ ನಡದದ?” ಅಬ್ಬಾ ಸಣ್ಣ ದನಿಯಲ್ಲಿ ಕೇಳಿದರು.

ಅಡಿಗೆಮನೆಯಲ್ಲಿ ಅಮ್ಮಿ ರೊಟ್ಟಿ ಬಡಿಯುತ್ತಿದ್ದಳು. ಫೋನ್ ಕಂಡು ಹಿಟ್ಟಿನ ಕೈಯಲ್ಲೇ ಸೆರಗು ಎಳೆದುಕೊಂಡಳು. “ನನಗ್ಯಾಕ ಹಿಡೀತಿ? ನಿನ್ನ ಪಾಳಿ ಅದ, ನೀ ಮಾತಾಡು.”

ಅಲ್ಲಿಯವರೆಗೆ ಹುಡುಕುತ್ತಲೇ ಇದ್ದ ಅಬ್ಬಾರ ಕಣ್ಣು ಈಗ ಅಮ್ಮಿಯ ಮೇಲೆ ನಿಂತಿತ್ತು. ಅಮ್ಮಿಯೂ ಫೋನನ್ನೇ ನೋಡುತ್ತ ನಿಂತಳು. ಹಂಚಿನ ಮೇಲೆ ರೊಟ್ಟಿ ಕರಕಲಾಗತೊಡಗಿತು. ಅದನ್ನು ತಿರುವಿ ಹಾಕುವುದೂ ಅವಳಿಗೆ ನೆನಪಾಗಲಿಲ್ಲ.

ಅತೀಯಾ ಅಮ್ಮಿಯ ಮುಖ ನೋಡಿದಳು. “ಎಲ್ಲಾ ಛಲೋ ಅದರಿ” ಅನ್ನುವಾಗಿನ ಮುಖ ಅದಲ್ಲ. ಫೋನಿಗಾಗಿ ಕಾಯುತ್ತ ಕೂತಾಗ ತನಗೆ ಏನೇನು ಆಗುತ್ತದೋ ಅದೆಲ್ಲ ಆ ಮುಖದಲ್ಲಿತ್ತು.

ಅತೀಯಾ ಒಲೆ ಆರಿಸಿದಳು. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು ಹೊರಗೆ ಬಂದಳು. ಬಾಗಿಲು ಮುಂದೆ ಮಾಡಿ ಅದಕ್ಕೆ ಬೆನ್ನು ಕೊಟ್ಟು ಕುಳಿತಳು.

“ಮುಗೀತೇನು?” ದಾದಿ ಕೇಳಿದಳು. “ಕೊಡು ಇತ್ತ ಫೋನ್.”

“ಇಲ್ಲ ದಾದಿ. ನಂದು ಇನ್ನೂ ಆರು ನಿಮಿಷ ಅದ.”

“ಮತ್ತ ಇಲ್ಲಿ ಕುಂತು ಏನ್ ಮಾಡ್ಲಿಕತ್ತಿ?”

ಅತೀಯಾ ಬೆನ್ನನ್ನು ಇನ್ನಷ್ಟು ಬಾಗಿಲಿಗೆ ಒತ್ತಿದಳು. ಮಳಖೇಡ, ಖೋ-ಖೋ, ಹಳೆ ಶರ್ಟು, ಎಲ್ಲವೂ ಹೇಳದೆಯೇ ಉಳಿದಿತ್ತು. ಬಾಗಿಲ ಹಿಂದೆ ಅಮ್ಮಿ ಏನೋ ಪಿಸುಗುಟ್ಟಿದಳು, ಆಮೇಲೆ ಮೆಲ್ಲಗೆ ನಕ್ಕಳು. ಆ ನಗು ಕೇಳಿ ಎರಡು ವರ್ಷವಾಗಿತ್ತು.

ಗಡಿಯಾರದ ಮುಳ್ಳು ಆರು ನಿಮಿಷ ದಾಟಿತು. ಚಾಚಾ ಬಾಗಿಲ ಕಡೆಗೆ ಬಂದ. ಅತೀಯಾ ಕಾಲು ಚಾಚಿ ಅಡ್ಡ ಇಟ್ಟಳು.

“ತಡಿ ಚಾಚಾ,” ಅಂದಳು. “ನಂದು ಇನ್ನೂ ಮುಗದಿಲ್ಲ.”